ಸಾಕುಪ್ರಾಣಿಗಳ ಮೂಲಕ ನೀರು, ಗಾಳಿ, ಮಣ್ಣಿನ ಮಾಲಿನ್ಯದ ಸುಳಿವು ಹಿಡಿಯುವುದು: ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹಳ್ಳಿಗಳಲ್ಲಿ ಒಂದೇ ಮನೆಯೊಳಗೆ ಮೂರು ನಾಲ್ಕು ಬಗೆಯ ನೀರು ಬಳಕೆಯಲ್ಲಿರುವುದು ಸಾಮಾನ್ಯ. ಮನೆಮಂದಿ ಕುಡಿಯುವುದು ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರು. ಅಡುಗೆಗೆ ನಳದ ನೀರು. ಎಮ್ಮೆಯ ಬಾನಿಗೆ ಬೋರಿನ ನೀರು. ನಾಯಿಗೂ ಕೋಳಿಗೂ ಕಾಲುವೆಯದೋ ಬಚ್ಚಲಿನದೋ, ಸಿಕ್ಕಿದ್ದು. ಹೀಗಿರುವಾಗ ಎಮ್ಮೆಗರುವಿನ ಹಲ್ಲು ಕಂದುಗಟ್ಟಿದರೆ ಅದು ಬೋರಿನ ವಿಷಯ ಹೇಳುತ್ತದೆ. ಕೋಳಿಗಳು ಒಂದೇ ಮಧ್ಯಾಹ್ನ ಸಾಲಾಗಿ ಸತ್ತರೆ ಅಂಗಳದ ಕಾಳಿನ ವಿಷಯ ಹೇಳುತ್ತವೆ. ಯಾವ ಪ್ರಾಣಿ ಏನನ್ನು ತಿಂದು, ಎಲ್ಲಿಯ ನೀರು ಕುಡಿದು, ಎಲ್ಲಿ ಮಲಗುತ್ತದೆ ಎಂಬುದು ಗೊತ್ತಿರುವ ಮನೆಗೆ ಮಾತ್ರ ಅದರ ಕಾಯಿಲೆಯಿಂದ ಸುಳಿವು ಸಿಗುತ್ತದೆ. ಆ ಸುಳಿವು ಪುರಾವೆಯಾಗಬೇಕಾದರೆ ಪ್ರಯೋಗಾಲಯದ ವರದಿ ಬೇಕು. ಮತ್ತೊಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ನಾಯಿ ಚೆನ್ನಾಗಿದೆ, ದನ ಚೆನ್ನಾಗಿದೆ ಎಂಬ ಕಾರಣಕ್ಕೆ ನೀರು ಚೆನ್ನಾಗಿದೆ ಎಂದು ತೀರ್ಮಾನಿಸಲು ಬರುವುದಿಲ್ಲ.

ಪ್ರಾಣಿಗಳು ಮನುಷ್ಯರಿಗಿಂತ ಮೊದಲು ಬಿದ್ದ ನಿದರ್ಶನಗಳು ಚರಿತ್ರೆಯಲ್ಲಿ ದಾಖಲಾಗಿವೆ. ಜಪಾನಿನ ಮಿನಾಮಾಟಾ ಕೊಲ್ಲಿಯ ಮೀನುಗಾರರ ಊರುಗಳಲ್ಲಿ 1950ರ ದಶಕದ ಆರಂಭದಲ್ಲಿ ಬೆಕ್ಕುಗಳು ತೂರಾಡಿ, ಸುತ್ತು ತಿರುಗಿ, ಸೆಟೆದು ಸಾಯತೊಡಗಿದವು. ಅದೇ ಲಕ್ಷಣಗಳ ಮನುಷ್ಯರ ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ರಾಸಾಯನಿಕ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿನೊಳಗೆ ಸೇರಿತ್ತು, ಮನೆಯವರು ಉಂಡ ಮೀನಿನ ಉಳಿಕೆಯನ್ನೇ ಬೆಕ್ಕುಗಳು ತಿಂದಿದ್ದವು. ಆಸ್ಟ್ರೇಲಿಯದ ಬಂದರು ಪಟ್ಟಣ ಎಸ್ಪೆರನ್ಸ್‌ನಲ್ಲಿ 2006ರ ಕೊನೆಗೆ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಉದುರಿದವು. ಹಡಗಿಗೆ ತುಂಬುತ್ತಿದ್ದ ಸೀಸದ ಅದಿರಿನ ಧೂಳು ಕಾರಣವೆಂದು ತಿಳಿದ ಮೇಲೆ ಮಕ್ಕಳ ರಕ್ತವನ್ನು ಪರೀಕ್ಷಿಸಲಾಯಿತು, ಅಲ್ಲಿಯೂ ಸೀಸ ಸಿಕ್ಕಿತು. ಈ ಎರಡು ಪ್ರಕರಣಗಳಲ್ಲಿ ನಾವು ಗಮನಿಸಬೇಕಾದದ್ದು ಪ್ರಾಣಿ ಮತ್ತು ಮನುಷ್ಯ ಹಂಚಿಕೊಂಡಿದ್ದ ದಾರಿಯನ್ನು: ಮೊದಲನೆಯದರಲ್ಲಿ ಒಂದೇ ಮೀನು, ಎರಡನೆಯದರಲ್ಲಿ ಒಂದೇ ಗಾಳಿ. ಹಂಚಿಕೊಂಡ ದಾರಿ ಇಲ್ಲದಿದ್ದರೆ ಪ್ರಾಣಿಯ ಕಾಯಿಲೆಯಿಂದ ಮನೆಮಂದಿಯ ಬಗ್ಗೆ ಏನನ್ನೂ ಹೇಳಲಾಗದು.

ಪ್ರಾಣಿಗಳಿಗೆ ವಿಷ ಮೊದಲು ತಾಗುವುದಕ್ಕೆ ಕಾರಣಗಳು ಸರಳವಾಗಿವೆ. 400 ಕಿಲೋ ತೂಗುವ ಹಾಲು ಕರೆಯುವ ಆಕಳು ಬೇಸಿಗೆಯಲ್ಲಿ ದಿನಕ್ಕೆ ಸುಮಾರು 50 ಲೀಟರ್ ನೀರು ಕುಡಿಯುತ್ತದೆ ಎಂದಿಟ್ಟುಕೊಂಡರೆ ಒಂದು ಕಿಲೋ ಮೈತೂಕಕ್ಕೆ 125 ಮಿಲಿಲೀಟರ್ ಆಯಿತು. 60 ಕಿಲೋ ತೂಗುವ ಮನುಷ್ಯ ಮೂರು ಲೀಟರ್ ಕುಡಿದರೂ ಒಂದು ಕಿಲೋಗೆ 50 ಮಿಲಿಲೀಟರ್ ಮಾತ್ರ. ನಾಯಿ ಬೆಕ್ಕುಗಳು ನೆಲಕ್ಕೆ ಹತ್ತಿರವಿದ್ದು ಧೂಳನ್ನು ಮೂಗಿನಲ್ಲಿ ಎಳೆದುಕೊಳ್ಳುತ್ತವೆ, ಮೈಗಂಟಿದ್ದನ್ನು ನೆಕ್ಕಿ ನುಂಗುತ್ತವೆ. ತೆವಳುವ ಕೂಸು ಮಾಡುವುದೂ ಬಹುಮಟ್ಟಿಗೆ ಇದನ್ನೇ, ಆದ್ದರಿಂದ ಮನೆಯ ದೊಡ್ಡವರಿಗಿಂತ ಹೆಚ್ಚಾಗಿ ಸಣ್ಣ ಮಕ್ಕಳ ಪಾಡನ್ನು ನಾಯಿ ಬೆಕ್ಕುಗಳಿಂದ ಊಹಿಸಬಹುದು.

ಮೊದಲ ಹೆಜ್ಜೆ: ಮನೆಯ ಸುತ್ತಲ ನಕ್ಷೆ ಬರೆಯಿರಿ

ಒಂದು ಹಾಳೆಯ ನಡುವೆ ಮನೆಯನ್ನು ಗುರುತಿಸಿ, ಪ್ರತಿಯೊಂದು ಪ್ರಾಣಿ ಕುಡಿಯುವ, ಮೇಯುವ, ಮಲಗುವ ಜಾಗಗಳನ್ನು ಸುತ್ತಲೂ ಬರೆಯಿರಿ. ಅನಂತರ ಅಪಾಯದ ಮೂಲಗಳನ್ನು ಸೇರಿಸಿ. ಇವು ಊರಿನಿಂದ ಊರಿಗೆ ಬೇರೆ. ಸಿಂಧನೂರು, ಮಾನ್ವಿ, ಗಂಗಾವತಿಯ ಭತ್ತದ ಸೀಮೆಯಲ್ಲಿ ಮತ್ತು ರಾಯಚೂರಿನ ಹತ್ತಿ, ಮೆಣಸಿನಕಾಯಿಯ ಹೊಲಗಳಲ್ಲಿ ಮುಖ್ಯವಾದದ್ದು ಎಣ್ಣೆ (ಕೀಟನಾಶಕ) ಹೊಡೆಯುವ ದಿನಗಳು, ಪಂಪು ತೊಳೆಯುವ ಜಾಗ, ಖಾಲಿ ಡಬ್ಬಿಗಳು ಬೀಳುವ ಬದು. ಶಕ್ತಿನಗರದಲ್ಲಿ, ಕುಡಿತಿನಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ. ಕೊಪ್ಪಳದ ಗಿಣಿಗೇರಿ, ಹಿರೇಬಗನಾಳದ ಕಡೆ ಸ್ಪಾಂಜ್ ಐರನ್ ಘಟಕಗಳ ಕಪ್ಪು ಧೂಳು. ಸಂಡೂರಿನಲ್ಲಿ ಅದಿರಿನ ಕೆಂಧೂಳು. ಬಳ್ಳಾರಿ ನಗರದಲ್ಲಿ ಜೀನ್ಸ್ ತೊಳೆಯುವ ಘಟಕಗಳ ಬಣ್ಣದ ನೀರು ಹರಿಯುವ ಚರಂಡಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಚಿನ್ನವಿರುವ ಶಿಲೆಗಳಲ್ಲಿ ಆರ್ಸೆನಿಕ್ ಜೊತೆಗೂಡಿರುವುದು ಸ್ವಾಭಾವಿಕ.

ದೊಡ್ಡ ಚಿಮಣಿಗಳನ್ನಷ್ಟೇ ನೋಡಿ ಮನೆಯೊಳಗಿನ ಮೂಲಗಳನ್ನು ಮರೆಯಬಾರದು. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸಿದ ಮೂಲೆ, ಹಕ್ಕಳೆ ಏಳುತ್ತಿರುವ ಹಳೆಯ ಎಣ್ಣೆಬಣ್ಣದ ಕಿಟಕಿ, ಇಲಿಪಾಷಾಣ ಇಟ್ಟ ಅಟ್ಟ, ಕೀಟನಾಶಕದ ಡ್ರಮ್ಮನ್ನು ತೊಳೆದು ನೀರು ತುಂಬಿಟ್ಟಿರುವ ಹಿತ್ತಲು ಇವೆಲ್ಲ ನಕ್ಷೆಯಲ್ಲಿ ಬರಲಿ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣವನ್ನು ಸೀಸವಿದೆ ಎಂದೇ ಭಾವಿಸಿ ನಡೆಯುವುದು ಜಾಣತನ.

ಎರಡನೆಯ ಹೆಜ್ಜೆ: ಆರೋಗ್ಯವಾಗಿರುವಾಗಲೇ ದಾಖಲೆ ಮಾಡಿ

ಈ ಹೆಜ್ಜೆಯನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ. ಪಶುವೈದ್ಯರು ಮೊದಲು ಕೇಳುವುದು ಇದನ್ನೇ. ತಿಂಗಳಿಗೊಮ್ಮೆ ನಾಯಿಯ ತೂಕ, ಎಲ್ಲ ಪ್ರಾಣಿಗಳ ಮೇವು ನೀರಿನ ಅಂದಾಜು, ಹಾಲಿನ ಪ್ರಮಾಣ, ಮೊಟ್ಟೆಯ ಲೆಕ್ಕ, ನಡಿಗೆ, ಕೂದಲು ಮತ್ತು ಸಗಣಿಯ ಸ್ಥಿತಿ ಬರೆದಿಡಿ. ವರ್ಷಕ್ಕೆರಡು ಬಾರಿ ದನಗಳ ಮತ್ತು ನಾಯಿಯ ಹಲ್ಲಿನ ಫೋಟೋ ತೆಗೆಯಿರಿ. ನೀರಿನ ಮೂಲ ಬದಲಾದ ದಿನ, ಹೊಸ ಬೋರ್ ಕೊರೆಸಿದ ದಿನ, ಪಕ್ಕದ ಹೊಲದಲ್ಲಿ ಎಣ್ಣೆ ಹೊಡೆದ ದಿನ, ಗಾಳಿ ಯಾವ ದಿಕ್ಕಿನಿಂದ ಬೀಸಿತು ಎಂಬುದು ಅದೇ ಪುಸ್ತಕದಲ್ಲಿರಲಿ. ಶಾಲೆಗೆ ಹೋಗುವ ಮಗುವೊಂದು ಮನೆಯಲ್ಲಿದ್ದರೆ ಈ ಕೆಲಸವನ್ನು ಅದಕ್ಕೆ ಒಪ್ಪಿಸಬಹುದು. ದೊಡ್ಡವರಿಗಿಂತ ಶ್ರದ್ಧೆಯಿಂದ ಬರೆಯುತ್ತದೆ.

ಮೂರನೆಯ ಹೆಜ್ಜೆ: ಯಾವ ಪ್ರಾಣಿ ಯಾವುದರ ಸುಳಿವು ಕೊಡುತ್ತದೆ ಎಂದು ತಿಳಿಯಿರಿ

ದನ ಮತ್ತು ಫ್ಲೋರೈಡ್. ನಮ್ಮ ಸೀಮೆಗೆ ಇದು ಎಲ್ಲಕ್ಕಿಂತ ಹೆಚ್ಚು ಅನ್ವಯಿಸುತ್ತದೆ. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಇಳಿಯುತ್ತದೆ; ಇದಕ್ಕೆ ಯಾವ ಕಾರ್ಖಾನೆಯೂ ಬೇಕಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು; ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿರುವ ಅವಧಿಯಲ್ಲಿ ಹೆಚ್ಚು ಫ್ಲೋರೈಡ್ ಹೊಟ್ಟೆ ಸೇರಿದರೆ ಮಾತ್ರ ಹಲ್ಲಿನ ಮೇಲೆ ಗುರುತು ಬೀಳುತ್ತದೆ. ಆದ್ದರಿಂದ ಸಂತೆಯಲ್ಲಿ ಬಾಯಿಗೂಡಿದ (ಶಾಶ್ವತ ಹಲ್ಲುಗಳೆಲ್ಲ ಬಂದ) ಆಕಳನ್ನು ತಂದಿದ್ದರೆ ಅದರ ಹಲ್ಲು ಹೇಳುವುದು ಹಿಂದಿನ ಊರಿನ ನೀರಿನ ಕಥೆಯನ್ನು. ನಿಮ್ಮ ಬೋರಿನ ಸುಳಿವು ಬೇಕಿದ್ದರೆ ನಿಮ್ಮ ಕೊಟ್ಟಿಗೆಯಲ್ಲಿಯೇ ಹುಟ್ಟಿ ಬೆಳೆದ ಕರುವಿನ ಬಾಯಿ ನೋಡಬೇಕು. ಆಕಳಿಗೆ ಸುಮಾರು ಎರಡು ವರ್ಷಕ್ಕೆ, ಎಮ್ಮೆಗೆ ಇನ್ನೂ ಸ್ವಲ್ಪ ತಡವಾಗಿ ಮೊದಲ ಜೋಡಿ ಶಾಶ್ವತ ಬಾಚಿಹಲ್ಲು ಕೆಳದವಡೆಯಲ್ಲಿ ಹುಟ್ಟುತ್ತವೆ. ಮೇಲಿನ ದವಡೆಯ ಮುಂಭಾಗದಲ್ಲಿ ದನಕ್ಕೆ ಹಲ್ಲೇ ಇಲ್ಲ. ಆ ಜೋಡಿ ಹಲ್ಲಿನ ಎಡಬಲ ಎರಡರ ಮೇಲೂ ಒಂದೇ ಎತ್ತರದಲ್ಲಿ ಸುಣ್ಣದಂತಹ ಬಿಳಿ ಮಚ್ಚೆ, ಹಳದಿ ಅಥವಾ ಕಂದು ಪಟ್ಟಿ, ಸಣ್ಣ ಕುಳಿಗಳು ಕಂಡು, ಉಗುರಿನಿಂದ ಕೆರೆದರೆ ಹೋಗದಿದ್ದರೆ ಫ್ಲೋರೈಡಿನ ಶಂಕೆ ಬಲವಾಗುತ್ತದೆ. ಮೇವಿನ ಕಲೆ ಕೆರೆದರೆ ಸ್ವಲ್ಪವಾದರೂ ಬಿಡುತ್ತದೆ. ವಯಸ್ಸಾದ ದನಗಳಲ್ಲಿ ಬಿಟ್ಟುಬಿಟ್ಟು ಬರುವ ಕುಂಟು, ಏಳಲು ಕಷ್ಟ, ದವಡೆ ಅಥವಾ ಪಕ್ಕೆಲುಬಿನ ಮೇಲೆ ಎಲುಬಿನ ಗಂಟು ಮುಂದಿನ ಹಂತದ ಲಕ್ಷಣಗಳು.

ಮಗುವಿಗೆ ಶಾಶ್ವತ ಬಾಚಿಹಲ್ಲು ಹುಟ್ಟುವುದು ಆರೇಳು ವರ್ಷಕ್ಕೆ, ಕರುವಿಗೆ ಎರಡು ವರ್ಷಕ್ಕೆ. ಈ ನಾಲ್ಕೈದು ವರ್ಷಗಳ ಮುನ್ಸೂಚನೆಯೇ ಕೊಟ್ಟಿಗೆಯಿಂದ ಸಿಗುವ ಲಾಭ. ಮನೆಮಂದಿ ಕ್ಯಾನಿನ ನೀರನ್ನೇ ಕುಡಿಯುವುದರಿಂದ ಚಿಂತೆಯಿಲ್ಲ ಎನ್ನುವವರು ಬೇಳೆ, ಅನ್ನ, ಚಹಾಕ್ಕೆ ಯಾವ ನೀರು ಹಾಕುತ್ತೇವೆ ಎಂದು ಯೋಚಿಸಲಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ.

ನಾಯಿ ಮತ್ತು ಸೀಸ. ಊಟ ಬಿಡುವುದು, ವಾಂತಿ, ಹೊಟ್ಟೆನೋವಿನಿಂದ ಮುದುಡಿಕೊಳ್ಳುವುದು, ಕಾರಣವಿಲ್ಲದೆ ಬೊಗಳುವುದು ಅಥವಾ ಹೆದರುವುದು, ಮೂರ್ಛೆ ಇವು ಸೀಸ ಸೇರಿದ ನಾಯಿಯಲ್ಲಿ, ಅದರಲ್ಲಿಯೂ ಮರಿಗಳಲ್ಲಿ ಕಾಣುತ್ತವೆ. ದನಗಳಿಗೆ ಕಣ್ಣು ಕಾಣದಂತಾಗುವುದು, ಗೋಡೆಗೆ ತಲೆಯೊತ್ತಿ ನಿಲ್ಲುವುದು, ಹಲ್ಲು ಕಡಿಯುವುದು ಹೆಚ್ಚು. ಎಸೆದ ಬ್ಯಾಟರಿಯನ್ನೂ ಗ್ರೀಸನ್ನೂ ಅವು ಆಸೆಪಟ್ಟು ನೆಕ್ಕುತ್ತವೆ. ಮಕ್ಕಳಲ್ಲಿ ಸೀಸ ಕಡಿಮೆ ಮಟ್ಟದಲ್ಲಿರುವಾಗ ಹೊರಗೆ ಯಾವ ಲಕ್ಷಣವೂ ಕಾಣುವುದಿಲ್ಲ, ಆದರೆ ಬುದ್ಧಿಯ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ. ಆದಕಾರಣ ನಾಯಿಯ ರಕ್ತದಲ್ಲಿ ಸೀಸ ಸಿಕ್ಕ ಮನೆಯಲ್ಲಿ ಆರು ವರ್ಷದೊಳಗಿನ ಎಲ್ಲ ಮಕ್ಕಳ ರಕ್ತಪರೀಕ್ಷೆ ಆಗಲೇಬೇಕು. ಸೀಸ ತಾಗಿದ ಆಕಳ ಹಾಲನ್ನು ವೈದ್ಯರು ಹೇಳುವವರೆಗೆ ಯಾರಿಗೂ, ಕರುವಿಗೂ, ಕೊಡಬಾರದು.

ಕೋಳಿ, ಕುರಿ ಮತ್ತು ಕೀಟನಾಶಕ. ಬೀಜೋಪಚಾರ ಮಾಡಿದ ಬಣ್ಣದ ಬೀಜ ಅಂಗಳದಲ್ಲಿ ಚೆಲ್ಲಿದರೆ ಜವಾರಿ ಕೋಳಿಗಳು ಮೊದಲು ಬೀಳುತ್ತವೆ. ಕೊಯ್ಲಾದ ಹತ್ತಿ ಹೊಲದಲ್ಲಿ ಕುರಿ ನಿಲ್ಲಿಸುವಾಗ ಕೊನೆಯ ಸಿಂಪಡಣೆ ಯಾವಾಗ ಆಯಿತೆಂದು ಹೊಲದವರನ್ನು ಕೇಳಬೇಕು. ಆರ್ಗನೋಫಾಸ್ಫೇಟ್ ಗುಂಪಿನ ವಿಷವಾದರೆ ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಜೊಲ್ಲು, ಕಣ್ಣೀರು, ಭೇದಿ, ಸ್ನಾಯುಗಳ ಅದುರು, ಉಸಿರಿನ ತೊಂದರೆ ಬರುತ್ತವೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ. ಬೆಕ್ಕಿನ ವಿಷಯದಲ್ಲಿ ಬೇರೊಂದು ಎಚ್ಚರ ಬೇಕು: ನಾಯಿಯ ಉಣ್ಣಿಹುಳಕ್ಕೆ ಹಚ್ಚುವ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ವಿಷ, ಅದರಿಂದ ನಡುಕ ಬಂದರೆ ಹೊಲವನ್ನೂ ಕಾಲುವೆಯನ್ನೂ ದೂರಿ ಫಲವಿಲ್ಲ.

ಪಂಜರದ ಹಕ್ಕಿ ಮತ್ತು ಗಾಳಿ. ಹಕ್ಕಿಯ ಉಸಿರಾಟದ ವ್ಯವಸ್ಥೆ ಗಾಳಿಯಲ್ಲಿರುವುದನ್ನು ಬಹು ಬೇಗ ಒಳಗೆಳೆದುಕೊಳ್ಳುತ್ತದೆ; ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಪತ್ತೆಗೆ ಕ್ಯಾನರಿ ಹಕ್ಕಿಗಳನ್ನು 1986ರವರೆಗೂ ಇಟ್ಟುಕೊಂಡಿದ್ದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಉರಿಸಿದಾಗ, ಖಾಲಿ ನಾನ್‌ಸ್ಟಿಕ್ ತವೆ ವಿಪರೀತ ಕಾದಾಗ ಲವ್‌ಬರ್ಡ್ಸ್ ಸಾಯುವುದುಂಟು. ಅಂತಹ ಸಾವು ಅಡುಗೆಮನೆಯ ಕಿಟಕಿ ತೆರೆಯಲು ಕಾರಣವಾಗಬೇಕು. ನಮ್ಮ ಕಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಗಾಜಿನ ತೊಟ್ಟಿಯ ಮೀನು ನಂಬಿಕೆಗೆ ಅರ್ಹವಲ್ಲ. ನಳದ ನೀರಿನಲ್ಲಿ ರೋಗಾಣು ಕೊಲ್ಲಲು ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದೇ ನಿಯಮ. ಮೀನಿಗೆ ಅಷ್ಟೇ ಸಾಕು ತೊಂದರೆಗೆ. ನಳದ ನೀರು ಹಾಕಿದೊಡನೆ ಮೀನು ಸತ್ತರೆ ಬಹುಶಃ ನೀರನ್ನು ಸರಿಯಾಗಿಯೇ ಶುದ್ಧೀಕರಿಸಿದ್ದಾರೆ ಎಂದರ್ಥ. ಕೆರೆ, ಹೊಂಡ, ಜಲಾಶಯದ ಅಂಚಿನಲ್ಲಿ ಹಸಿರು ಬಣ್ಣ ಬಳಿದಂತೆ ಪಾಚಿ ತೇಲುತ್ತಿರುವಾಗ ಅಲ್ಲಿ ನೀರು ಕುಡಿದ ನಾಯಿ ಅಥವಾ ಕುರಿ ಗಂಟೆಗಳೊಳಗೆ ಸತ್ತರೆ ನೀಲಿಹಸಿರು ಪಾಚಿಯ ವಿಷವನ್ನು ಶಂಕಿಸಿ ಆ ನೀರಿಗೆ ಮಕ್ಕಳನ್ನೂ ಇಳಿಸಬಾರದು.

ಪ್ರಾಣಿಗಳು ಸುಮ್ಮನಿರುವ ವಿಷವೂ ಇದೆ. ನೆರೆಯ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದು ತಿಳಿದದ್ದು ನೀರಿನ ಪರೀಕ್ಷೆಯಿಂದ. ದೀರ್ಘಕಾಲ ಆರ್ಸೆನಿಕ್ ಸೇವಿಸಿದ ಮನುಷ್ಯರ ಮೈಮೇಲೆ ಮಳೆಹನಿಯಂತಹ ಚುಕ್ಕೆ, ಅಂಗೈ ಅಂಗಾಲುಗಳಲ್ಲಿ ಗಂಟು ಏಳುತ್ತವೆ; ಅದೇ ನೀರು ಕುಡಿದ ದನದ ಚರ್ಮದಲ್ಲಿ ಇಂತಹ ಸ್ಪಷ್ಟ ಗುರುತು ಮೂಡುವುದಿಲ್ಲ. ಹಟ್ಟಿ, ಲಿಂಗಸುಗೂರು ಭಾಗದವರು ಈ ಒಂದು ವಿಷಯದಲ್ಲಿ ಪ್ರಾಣಿಯನ್ನು ಕಾಯದೆ ನೇರವಾಗಿ ನೀರನ್ನೇ ಪರೀಕ್ಷೆಗೆ ಕೊಡುವುದು ಒಳ್ಳೆಯದು. ಮಿತಿ ಲೀಟರಿಗೆ 0.01 ಮಿಲಿಗ್ರಾಂ.

ನಾಲ್ಕನೆಯ ಹೆಜ್ಜೆ: ರೋಗ, ಬಿಸಿಲು, ಮೇವು ಇವನ್ನು ಮೊದಲು ಬದಿಗಿಡಿ

ಪ್ರಾಣಿ ಬಿದ್ದ ಕೂಡಲೇ ಕಾರ್ಖಾನೆಯತ್ತ ಬೆರಳು ತೋರಿಸುವ ಅವಸರ ನಿಮ್ಮ ದೂರನ್ನೇ ದುರ್ಬಲಗೊಳಿಸುತ್ತದೆ. ರಾಯಚೂರಿನ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಏದುಸಿರು ಬಿಟ್ಟು ಜೊಲ್ಲು ಸುರಿಸುವ ನಾಯಿಗೆ ಬಿಸಿಲು ಬಡಿದಿರುವ ಸಾಧ್ಯತೆಯೇ ಹೆಚ್ಚು. ಅದರ ಮೈ ಸುಡುತ್ತಿರುತ್ತದೆ, ಪಾಪೆ ಕಿರಿದಾಗಿರುವುದಿಲ್ಲ. ನೀರಿಲ್ಲದೆ ಬಾಡಿದ ಎಳೆ ಜೋಳ ಮೇಯ್ದ ದನ ಹೊಲದಲ್ಲಿಯೇ ಬೀಳುವುದು ಜೋಳದೊಳಗೆ ಹುಟ್ಟುವ ಸಯನೈಡಿನಿಂದ ಎಂಬುದು ಎರೆ ಭೂಮಿಯ ಹಿರಿಯರಿಗೆ ಗೊತ್ತಿರುವ ಸಂಗತಿಯೇ. ಯೂರಿಯಾ ಚೀಲ ನೆನೆಸಿದ ನೀರು ಕುಡಿದ ಎತ್ತು ಹೊಟ್ಟೆ ಉಬ್ಬಿ ನಡುಗಿ ಸಾಯಬಹುದು. ಕೋಳಿಗಳು ಕೆಲವು ದಿನಗಳುದ್ದಕ್ಕೂ ಒಂದೊಂದಾಗಿ ಕುತ್ತಿಗೆ ತಿರುಚಿ ಸಾಯುತ್ತಿದ್ದರೆ ಕೊಕ್ಕರೆ ರೋಗದ ಶಂಕೆ. ಒಂದೇ ಕಾಳು ತಿಂದವು ಒಂದೇ ಹೊತ್ತಿನಲ್ಲಿ ಸತ್ತರೆ ವಿಷದ ಶಂಕೆ.

ನನ್ನ ತಿಳಿವಳಿಕೆಯಲ್ಲಿ ಅತ್ಯಂತ ಉಪಯುಕ್ತವಾದ ಪ್ರಶ್ನೆ ಒಂದೇ: ಬೇರೆ ಬೇರೆ ಜಾತಿಯ ಪ್ರಾಣಿಗಳು ಒಟ್ಟಿಗೆ ಬಿದ್ದಿವೆಯೇ? ಸಾಂಕ್ರಾಮಿಕ ರೋಗಗಳಲ್ಲಿ ಹಲವು ಒಂದೆರಡು ಜಾತಿಗೆ ಅಂಟಿಕೊಂಡಿರುತ್ತವೆ, ವಿಷಕ್ಕೆ ಸಾಮಾನ್ಯವಾಗಿ ಆ ಭೇದವಿಲ್ಲ. ಒಂದೇ ತೊಟ್ಟಿಯ ನೀರು ಕುಡಿದ ನಾಯಿ, ಮೇಕೆ, ಕೋಳಿ ಮೂರೂ ಅದೇ ದಿನ ಅದುರತೊಡಗಿದರೆ ತೊಟ್ಟಿಯನ್ನು ಆಗಲೇ ಮುಚ್ಚಬೇಕು. ಈ ಮಾತಿಗೆ ಎರಡು ಮುಖ್ಯ ಅಪವಾದಗಳಿವೆ, ಎರಡೂ ಜೀವಕ್ಕೆ ಕುತ್ತು ತರುವಂಥವು. ರೇಬಿಸ್ ಹಲವು ಪ್ರಾಣಿಗಳಿಗೆ ತಗಲುತ್ತದೆ, ಆದ್ದರಿಂದ ಸ್ವಭಾವ ಬದಲಾಗಿ ನುಂಗಲಾಗದೆ ಜೊಲ್ಲು ಸುರಿಸುವ ಪ್ರಾಣಿಯ ಬಾಯಿಗೆ ಕೈ ಹಾಕಲೇಬಾರದು. ಕಚ್ಚಿದರೆ ಗಾಯವನ್ನು ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಪಡೆಯಬೇಕು. ಎರಡನೆಯದು ಆಂಥ್ರಾಕ್ಸ್: ದಿಢೀರನೆ ಸತ್ತ ದನ ಅಥವಾ ಕುರಿಯ ಮೂಗು, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಆ ದೇಹವನ್ನು ಕೊಯ್ಯುವುದು, ಸುಲಿಯುವುದು, ಹಂಚಿಕೊಳ್ಳುವುದು ಕೂಡದು, ಪಶುವೈದ್ಯರು ಬರುವವರೆಗೆ ನಾಯಿ, ಕಾಗೆ ಮುಟ್ಟದಂತೆ ಕಾಯಬೇಕು.

ಐದನೆಯ ಹೆಜ್ಜೆ: ಮೊದಲ ಗಂಟೆಯಲ್ಲಿ ಮಾಡಬೇಕಾದದ್ದು

ಪ್ರಾಣಿಯನ್ನು ಆ ಜಾಗದಿಂದ ಸರಿಸಿ, ಉಳಿದವುಗಳಿಗೆ ಬೇರೆ ಮೂಲದ ನೀರು, ಹಳೆಯ ಕಣಿಕೆ ಕೊಡಿ. ಮೈಮೇಲೆ ಕೀಟನಾಶಕ ಬಿದ್ದಿದ್ದರೆ ಕೈಗವಸು ಅಥವಾ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸೋಪು ನೀರಿನಿಂದ ತೊಳೆಯಿರಿ. 1962ಕ್ಕೆ ಕರೆ ಮಾಡಿದರೆ ಪಶು ಚಿಕಿತ್ಸಾ ವಾಹನ ಬರುತ್ತದೆ. ಹುಣಸೆ ನೀರು, ಎಣ್ಣೆ, ಮಜ್ಜಿಗೆಯನ್ನು ಗೊಟ್ಟದಿಂದ ಹೊಯ್ಯುವ ರೂಢಿ ಬಿಡಬೇಕು; ಅರೆಪ್ರಜ್ಞೆಯಲ್ಲಿರುವ ಪ್ರಾಣಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಕೆಲವು ಕೀಟನಾಶಕಗಳನ್ನು ಎಣ್ಣೆ ಇನ್ನಷ್ಟು ಬೇಗ ರಕ್ತಕ್ಕೆ ಸೇರಿಸುತ್ತದೆ. ಇಲಿಪಾಷಾಣ ತಿಂದ ನಾಯಿಯ ವಾಂತಿಯಿಂದ ಬೆಳ್ಳುಳ್ಳಿಯಂತಹ ವಾಸನೆ ಬಂದರೆ ಅದು ಜಿಂಕ್ ಫಾಸ್ಫೈಡ್ ಇರಬಹುದು. ಅದರ ಅನಿಲ ಮನುಷ್ಯರಿಗೂ ಅಪಾಯಕರವಾದ್ದರಿಂದ ಬಯಲಿನಲ್ಲಿ ನಿಂತು ಆರೈಕೆ ಮಾಡಿ. ಡಬ್ಬಿ ಅಥವಾ ಪೊಟ್ಟಣ ಸಿಕ್ಕಿದರೆ ವೈದ್ಯರ ಕೈಗೆ ಕೊಡಿ, ಯಾಕೆಂದರೆ ಅಟ್ರೋಪಿನ್ ಎಂಬ ಪ್ರತಿವಿಷ ಕೊಡಬೇಕೋ ಬೇರೆ ಔಷಧಿಯೋ ಎಂಬುದನ್ನು ಅದರ ಮೇಲಿನ ಹೆಸರು ನಿರ್ಧರಿಸುತ್ತದೆ.

ಮನೆಮಂದಿಯಲ್ಲಿ ಯಾರಿಗಾದರೂ ತಲೆಸುತ್ತು, ವಾಂತಿ, ಬೆವರು, ಮಂಜುಗಣ್ಣು ಇದ್ದರೆ ಪ್ರಾಣಿಯನ್ನು ಬಿಟ್ಟು ಅವರನ್ನು ಮೊದಲು ಆಸ್ಪತ್ರೆಗೆ ಸಾಗಿಸಿ.

ಆರನೆಯ ಹೆಜ್ಜೆ: ಮಾದರಿ ಸಂಗ್ರಹ

ನೀರಿನ ಮಾದರಿಯನ್ನು ಏನನ್ನು ಹುಡುಕುತ್ತಿದ್ದೇವೆ ಎಂಬುದರ ಮೇಲೆ ತೆಗೆಯಬೇಕು. ಫ್ಲೋರೈಡ್ ಮತ್ತು (ಗೊಬ್ಬರ, ಚರಂಡಿಯಿಂದ ನೀರಿಗೆ ಸೇರುವ) ನೈಟ್ರೇಟ್‌ಗಾದರೆ ಬೋರನ್ನು ಐದರಿಂದ ಹತ್ತು ನಿಮಿಷ ಓಡಿಸಿ, ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ಒಂದು ಲೀಟರ್ ತುಂಬಿ. ಕೊಳಾಯಿಯ ಸೀಸದ ಶಂಕೆಯಿದ್ದರೆ ಇದಕ್ಕೆ ವಿರುದ್ಧವಾಗಿ, ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ಬೆಳಗಿನ ಮೊದಲ ನೀರೇ ಬೇಕು. ಲೋಹಗಳ ಪರೀಕ್ಷೆಗೆ ಬಾಟಲಿಗೆ ಆಮ್ಲ ಹಾಕಿ ಕೊಡುವ ಪದ್ಧತಿ ಇರುವುದರಿಂದ ಪ್ರಯೋಗಾಲಯಕ್ಕೆ ಮೊದಲೇ ತಿಳಿಸಿ. ರೋಗಾಣು ಪರೀಕ್ಷೆಗಾದರೆ ಅವರೇ ಕೊಡುವ ಕ್ರಿಮಿರಹಿತ ಬಾಟಲಿಯನ್ನು ತೊಳೆಯದೆ ತುಂಬಿ, ಐಸಿನಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಿ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರಿನಿಂದ ಸಾವುಗಳು ಸಂಭವಿಸಿದ್ದು ಇಲ್ಲಿನವರಿಗೆ ನೆನಪಿದೆ. ಅಂತಹ ಸಂದರ್ಭದಲ್ಲಿ ನಾಯಿಯ ಭೇದಿಯನ್ನು ಕಾಯುತ್ತ ಕೂರುವುದು ಸರಿಯಲ್ಲ. ಬೀದಿಯ ನಾಯಿಗಳ ಹೊಟ್ಟೆ ಕೊಳಕು ನೀರಿಗೆ ಹೊಂದಿಕೊಂಡಿರುವುದುಂಟು.

ಪ್ರಾಣಿಯ ರಕ್ತ, ವಾಂತಿ, ಹೊಟ್ಟೆಯೊಳಗಿನ ಪದಾರ್ಥ, ಯಕೃತ್ತು, ಮೂತ್ರಪಿಂಡಗಳನ್ನು ತೆಗೆಯುವುದು ಪಶುವೈದ್ಯರ ಕೆಲಸ. ವಿಷಪರೀಕ್ಷೆಗೆ ಹೋಗುವ ಅಂಗಗಳನ್ನು ಫಾರ್ಮಾಲಿನ್‌ನಲ್ಲಿ ಹಾಕಬಾರದು; ಅಡುಗೆ ಉಪ್ಪಿನ ಗಾಢ ದ್ರಾವಣದಲ್ಲಿ ಅಥವಾ ಹಿಮದಲ್ಲಿ ಇಡಬೇಕು. ಧೂಳಿನ ವಿಷಯಕ್ಕೆ ಮಾಳಿಗೆಯ ಮೇಲೆ ಬಿಳಿ ತಟ್ಟೆಯನ್ನು ಒಂದು ಹಗಲು ಒಂದು ರಾತ್ರಿ ಇಟ್ಟು ಫೋಟೋ ತೆಗೆದು, ಬಿದ್ದದ್ದನ್ನು ಕಾಗದದಲ್ಲಿ ಕಟ್ಟಿಡಿ. ಇದರಿಂದ ಧೂಳಿನಲ್ಲಿ ಏನಿದೆ ಎಂದು ತಿಳಿಯದಿದ್ದರೂ ಎಷ್ಟು ಬೀಳುತ್ತಿದೆ ಎಂಬುದು ಅಧಿಕಾರಿಯ ಕಣ್ಣಿಗೆ ಕಾಣುತ್ತದೆ. ಪ್ರತಿ ಮಾದರಿಯ ಮೇಲೆ ದಿನಾಂಕ, ಹೊತ್ತು, ಜಾಗ, ತೆಗೆದವರ ಹೆಸರು ಬರೆದು ಪಂಚಾಯಿತಿಯ ಒಬ್ಬರ ಸಹಿ ಮಾಡಿಸಿ.

ಏಳನೆಯ ಹೆಜ್ಜೆ: ಎಲ್ಲಿಗೆ ಕೊಡಬೇಕು

ಜಲಜೀವನ ಮಿಷನ್ ಅಡಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ಪರೀಕ್ಷಾ ಕಿಟ್‌ನಿಂದ ಆರಂಭಿಸಿ. ಬಣ್ಣ ನೋಡಿ ಹೇಳುವ ಆ ಫಲಿತಾಂಶ ಅಂದಾಜಿನದು, ಹೆಚ್ಚು ಬಂದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಿ. ವರದಿಯಲ್ಲಿ ಲೀಟರಿಗೆ ಫ್ಲೋರೈಡ್ 1.5, ನೈಟ್ರೇಟ್ 45, ಸೀಸ 0.01 ಮಿಲಿಗ್ರಾಂ ಮೀರಿದೆಯೇ ಎಂದು ನೋಡಿಕೊಳ್ಳಿ. ಕೀಟನಾಶಕದ ಶೇಷಾಂಶಕ್ಕೆ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿಯೇ ಪ್ರಯೋಗಾಲಯವಿದೆ, ದೂರ ಹೋಗಬೇಕಿಲ್ಲ. ಪ್ರಾಣಿಯ ಮಾದರಿಗಳು ತಾಲ್ಲೂಕು ಪಶು ಆಸ್ಪತ್ರೆಯ ಪತ್ರದೊಂದಿಗೆ ಇಲಾಖೆಯ ರೋಗಪತ್ತೆ ಪ್ರಯೋಗಾಲಯಕ್ಕೆ ಹೋಗುತ್ತವೆ. ಯಾರಾದರೂ ಬೇಕೆಂದೇ ವಿಷ ಹಾಕಿದ್ದಾರೆ ಎಂಬ ಅನುಮಾನವಿದ್ದರೆ ಅದು ಪೊಲೀಸರ ವಿಷಯ.

ಪ್ರಾಣಿಯಲ್ಲಿ ಅಥವಾ ನೀರಿನಲ್ಲಿ ವಿಷ ಖಚಿತವಾದ ಮೇಲೆ ಮನೆಮಂದಿಯ ಪರೀಕ್ಷೆಗೆ ಆ ವರದಿಯನ್ನು ಹಿಡಿದುಕೊಂಡೇ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಇವೆ. “ನಾಯಿಗೆ ಹೀಗಾಯಿತು, ಮಗುವನ್ನೂ ನೋಡಿರಿ ಸಾರ್” ಎಂದು ಬರಿಗೈಯಲ್ಲಿ ಕೇಳುವುದಕ್ಕೂ, ನಾಯಿಯ ರಕ್ತದಲ್ಲಿ ಇಷ್ಟು ಸೀಸವಿದೆ ಎಂಬ ಕಾಗದವನ್ನು ಮೇಜಿನ ಮೇಲೆ ಇಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಎಂಟನೆಯ ಹೆಜ್ಜೆ: ದೂರು

ಹೊಗೆ, ಧೂಳು, ತ್ಯಾಜ್ಯ ನೀರಿನ ದೂರನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದು, ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಜಿಲ್ಲಾಧಿಕಾರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಪತ್ರದಲ್ಲಿ ಯಾವ ದಿನ ಯಾವ ಪ್ರಾಣಿಗಳಿಗೆ ಏನಾಯಿತು, ಅಂದು ಗಾಳಿ ಅಥವಾ ನೀರು ಎಲ್ಲಿಂದ ಬಂತು, ಪಶುವೈದ್ಯರು ಏನು ಬರೆದರು, ಪರೀಕ್ಷೆಯಲ್ಲಿ ಏನು ಬಂತು ಎಂಬುದಿಷ್ಟೇ ಇರಲಿ. ಕಾರಣ ಯಾರೆಂಬ ತೀರ್ಪನ್ನು ನೀವು ಬರೆಯಬೇಡಿ, ತನಿಖೆ ಮಾಡಿ ಎಂದು ಕೇಳಿ. ನಾಲ್ಕು ಮನೆಗಳ ಪುಸ್ತಕಗಳಲ್ಲಿ ಒಂದೇ ದಿನಾಂಕ ಸಿಕ್ಕಿದರೆ ನಾಲ್ವರೂ ಸೇರಿ ಬರೆಯಿರಿ. ಮಂಡಳಿಯ ತಪಾಸಣಾ ವರದಿಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ ಪಡೆಯಬಹುದು. ಇದಕ್ಕೂ ಜಗ್ಗದಿದ್ದರೆ ದಕ್ಷಿಣ ಭಾರತಕ್ಕಾಗಿ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪೀಠದ ದಾರಿಯಿದೆ. ಅಲ್ಲಿ ಸಾಮಾನ್ಯ ಅರ್ಜಿಗೆ ಆರು ತಿಂಗಳು, ಪರಿಹಾರ ಕೋರುವ ಅರ್ಜಿಗೆ ಐದು ವರ್ಷ ಕಾಲಮಿತಿ ಇರುವುದರಿಂದ ಮೊದಲ ಘಟನೆಯ ದಿನಾಂಕ ದಾಖಲೆಯಲ್ಲಿ ಸ್ಪಷ್ಟವಾಗಿರಬೇಕು.

ಮೂಲ ಬದಲಿಸಿದ ಮೇಲೆ

ನೀರಿನ ಮೂಲ ಬದಲಿಸಿ ನಿಶ್ಚಿಂತರಾಗಬೇಡಿ. ಬೋರಿನ ಫ್ಲೋರೈಡ್ ಮಳೆಗಾಲಕ್ಕೂ ಬೇಸಿಗೆಗೂ ಏರಿಳಿಯುವುದರಿಂದ ಹೊಸ ಮೂಲವನ್ನು ಮುಂಗಾರಿನ ಮೊದಲು ಒಮ್ಮೆ, ಅನಂತರ ಒಮ್ಮೆ ಪರೀಕ್ಷಿಸಿ. ಸೀಸ ಎಲುಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಆದ್ದರಿಂದ ನಾಯಿಯ ಮತ್ತು ಮಕ್ಕಳ ರಕ್ತವನ್ನು ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ ಮತ್ತೆ ನೋಡಿಸಬೇಕು. ಕಲೆಬಿದ್ದ ದನದ ಹಲ್ಲು ಸರಿಹೋಗುವುದಿಲ್ಲ, ಹಾಗಾಗಿ ಅದೇ ಆಕಳಿನ ಬಾಯಿಯನ್ನು ಪುನಃ ನೋಡಿ ಪ್ರಯೋಜನವಿಲ್ಲ. ಮೂಲ ಬದಲಿಸಿದ ಮೇಲೆ ಹುಟ್ಟಿದ ಕರುವಿಗೆ ಗುರುತು ಹಾಕಿಡಿ, ಅದು ಎರಡು ಹಲ್ಲಿಗೆ ಬಂದಾಗ ಕೆಳದವಡೆಯ ಫೋಟೋ ತೆಗೆದು ಹಳೆಯ ಫೋಟೋದ ಪಕ್ಕದಲ್ಲಿಟ್ಟು ಹೋಲಿಸಿ, ಆ ವಾರದಲ್ಲಿಯೇ ಬಾನಿಯ ನೀರನ್ನು ಇನ್ನೊಮ್ಮೆ ಪರೀಕ್ಷೆಗೆ ಕೊಡಿ.